ಪಾಸ್‌ವರ್ಡ್ ಸರಿ, ಪ್ರಶ್ನೆ ತಪ್ಪು

ಜರ್ಮನಿಯ ಉತ್ತರದ ತುದಿಯಲ್ಲಿ ಡೆನ್ಮಾರ್ಕಿಗೆ ಅಂಟಿಕೊಂಡಿರುವ ರಾಜ್ಯ ಶ್ಲೆಸ್ವಿಗ್-ಹೋಲ್‌ಸ್ಟೈನ್. ದೊಡ್ಡದೊಂದು ಕೆಲಸ ಮುಗಿಯಿತೆಂದು ಅಲ್ಲಿನ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಆಡಳಿತದ 40 ಸಾವಿರಕ್ಕೂ ಹೆಚ್ಚು ಮೇಲ್‌ಬಾಕ್ಸ್‌ಗಳು ಮೈಕ್ರೊಸಾಫ್ಟ್ ಎಕ್ಸ್‌ಚೇಂಜ್ ಬಿಟ್ಟು ಓಪನ್-ಎಕ್ಸ್‌ಚೇಂಜ್ ಎಂಬ ಮುಕ್ತ ತಂತ್ರಾಂಶಕ್ಕೆ ಬಂದಿದ್ದವು. ಅವುಗಳ ಜೊತೆ ಹತ್ತು ಕೋಟಿಗೂ ಮಿಕ್ಕಿದ ಮೇಲ್‌ಗಳು, ಕ್ಯಾಲೆಂಡರ್ ನಮೂದುಗಳು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಭಾರತದಲ್ಲೂ ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮೇಲ್ ಖಾತೆಗಳು ಎನ್‌ಐಸಿಯ ಹಳೆಯ ವ್ಯವಸ್ಥೆಯಿಂದ ಜೋಹೊ ವೇದಿಕೆಗೆ ವರ್ಗವಾದ ಸುದ್ದಿ ಪತ್ರಿಕೆಗಳಲ್ಲಿ ಬಂತು. ವಿಳಾಸ ಬದಲಾಗಲಿಲ್ಲ, ಹಿಂದಿನ ಯಂತ್ರ ಬದಲಾಯಿತು.

ಇಂಥ ಸುದ್ದಿಗಳಲ್ಲಿ ಕಣ್ಣು ಕುಕ್ಕುವುದು ಕೋಟಿಗಳ ಲೆಕ್ಕ. ಆದರೆ ಮೇಲ್‌ಗಳನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ನಕಲು ಮಾಡುವುದು ಹೊತ್ತು ತಿನ್ನುವ ಕೆಲಸವೇ ಹೊರತು ಒಗಟಲ್ಲ. ಈ ಕಡೆ ಎಷ್ಟಿದ್ದವು, ಆ ಕಡೆ ಎಷ್ಟು ಬಂದವು ಎಂದು ಎಣಿಸಿ ತಾಳೆ ನೋಡಬಹುದು. ನಿಜವಾದ ಪರೀಕ್ಷೆ ಇರುವುದು ಸೋಮವಾರ ಬೆಳಿಗ್ಗೆ, ಕಚೇರಿಯವರೆಲ್ಲ ಒಟ್ಟಿಗೆ ಕುಳಿತು ಹೆಸರು ಮತ್ತು ಪಾಸ್‌ವರ್ಡ್ ಒತ್ತುವಾಗ. ಪರದೆಯ ಮೇಲೆ ಒಂದೇ ಸಾಲು ಮೂಡುತ್ತದೆ: ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ತಪ್ಪಾಗಿದೆ. ಫೋನುಗಳು ಬಡಿದುಕೊಳ್ಳತೊಡಗುತ್ತವೆ. "ಶುಕ್ರವಾರ ಸಂಜೆವರೆಗೂ ಇದೇ ಪಾಸ್‌ವರ್ಡ್ ನಡೀತಿತ್ತಲ್ಲ ಸರ್!"

ಅವರು ಹೇಳುವುದು ಬಹುಪಾಲು ನಿಜವೇ. ಪಾಸ್‌ವರ್ಡ್ ಬದಲಾಗಿರುವುದಿಲ್ಲ. ಆ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಯಂತ್ರವೊಂದು ಇನ್ನೊಂದು ಯಂತ್ರವನ್ನು ಕೇಳುವ ರೀತಿ ಬದಲಾಗಿರುತ್ತದೆ.

ಮೇಲ್ ಸರ್ವರ್‌ಗೆ ಯಾರ ಪರಿಚಯವೂ ಇಲ್ಲ

ನೂರಿನ್ನೂರು ಜನಕ್ಕಿಂತ ದೊಡ್ಡದಾದ ಯಾವ ಸಂಸ್ಥೆಯಲ್ಲೂ ಸಾಮಾನ್ಯವಾಗಿ ಮೇಲ್ ಸರ್ವರ್ ತಾನೇ ಪಾಸ್‌ವರ್ಡ್‌ಗಳನ್ನು ಇಟ್ಟುಕೊಂಡಿರುವುದಿಲ್ಲ. ಆ ಕೆಲಸಕ್ಕೆ ಡೈರೆಕ್ಟರಿ ಎಂಬ ಬೇರೆಯೇ ಸರ್ವರ್ ಇರುತ್ತದೆ. ನೌಕರರ ಹೆಸರು, ವಿಭಾಗ, ಮೇಲ್ ವಿಳಾಸ, ಫೋನ್ ಸಂಖ್ಯೆ, ಪಾಸ್‌ವರ್ಡಿನ ಗುರುತು ಎಲ್ಲವೂ ಅಲ್ಲಿ. ಮೇಲ್, ವೈಫೈ, ಹಾಜರಾತಿ, ಸಂಬಳದ ತಂತ್ರಾಂಶಗಳೆಲ್ಲ ಅದರ ಬಾಗಿಲಿಗೇ ಹೋಗಿ ವಿಚಾರಿಸುತ್ತವೆ.

ಈ ಕಲ್ಪನೆಗೆ ದೊಡ್ಡ ಆಕಾರ ಸಿಕ್ಕಿದ್ದು 1988ರಲ್ಲಿ, ಎಕ್ಸ್.500 ಎಂಬ ಅಂತರರಾಷ್ಟ್ರೀಯ ಮಾನಕದ ರೂಪದಲ್ಲಿ. ಇಡೀ ಜಗತ್ತಿಗೆ ಒಂದೇ ಟೆಲಿಫೋನ್ ಡೈರೆಕ್ಟರಿ ಇದ್ದಂತೆ ಇರಬೇಕು ಎಂಬ ಮಹತ್ವಾಕಾಂಕ್ಷೆ ಅದರ ಹಿಂದಿತ್ತು. ಆದರೆ ಅದನ್ನು ಮಾತನಾಡಿಸಲು ಬೇಕಿದ್ದ ತಂತ್ರಾಂಶ ಅಂದಿನ ಮೇಜಿನ ಕಂಪ್ಯೂಟರ್‌ಗಳಿಗೆ ಎತ್ತಲಾಗದ ಹೊರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಟಿಮ್ ಹೋವ್ಸ್ ಮತ್ತು ಸಂಗಡಿಗರು ಇದಕ್ಕೊಂದು ಹಗುರ ದಾರಿ ಹುಡುಕಿದರು. ಇಂಟರ್‌ನೆಟ್ಟಿನ ಮಾಮೂಲು ಸಂಪರ್ಕದ ಮೇಲೆಯೇ ಡೈರೆಕ್ಟರಿಯನ್ನು ಪ್ರಶ್ನಿಸುವ ಎಲ್‌ಡ್ಯಾಪ್ ಎಂಬ ನಿಯಮಾವಳಿ 1993ರ ಜುಲೈನಲ್ಲಿ ಪ್ರಕಟವಾಯಿತು. ಇಂದು ಬಳಕೆಯಲ್ಲಿರುವ ಮೂರನೆಯ ಆವೃತ್ತಿ ಬಂದದ್ದು 1997ರ ಡಿಸೆಂಬರ್‌ನಲ್ಲಿ. ಮೈಕ್ರೊಸಾಫ್ಟ್ ಕಂಪನಿಯ ಎಕ್ಸ್‌ಚೇಂಜ್ ಮೇಲ್ ಸರ್ವರ್ 5.5ನೆಯ ಆವೃತ್ತಿಯವರೆಗೂ ತನ್ನದೇ ಡೈರೆಕ್ಟರಿಯನ್ನು ಹೊತ್ತು ತಿರುಗುತ್ತಿತ್ತು. ವಿಂಡೋಸ್ 2000ರ ಜೊತೆ ಆಕ್ಟಿವ್ ಡೈರೆಕ್ಟರಿ ಬಂದ ಮೇಲೆ ಮೇಲ್ ಬೇರೆ, ಡೈರೆಕ್ಟರಿ ಬೇರೆ ಎಂಬ ಪಾಲು ಖಾಯಂ ಆಯಿತು. ಹಾಗೆ ಬೇರೆಯಾದ ಎರಡರ ನಡುವಿನ ಸಂಭಾಷಣೆಯಲ್ಲೇ ಇವತ್ತಿನ ಬಹುತೇಕ ಲಾಗಿನ್ ತಾಪತ್ರಯಗಳು ಹುಟ್ಟುವುದು.

ಡೈರೆಕ್ಟರಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಪೂರ್ಣ ಹೆಸರಿರುತ್ತದೆ. ಅಂಚೆ ಲಕೋಟೆಯ ಮೇಲೆ ಮನೆ ನಂಬರಿನಿಂದ ಶುರುವಾಗಿ ಬೀದಿ, ಊರು, ಜಿಲ್ಲೆ ಎಂದು ಹಿಗ್ಗುತ್ತಾ ಹೋಗುವ ವಿಳಾಸದ ಹಾಗೆಯೇ ಅದರ ರಚನೆ. ಸಾವಿತ್ರಿ ಎಂಬ ನೌಕರಳಿದ್ದಾಳೆ ಎಂದುಕೊಂಡರೆ ಅವಳ ಪೂರ್ಣ ಹೆಸರು 'ಯುಐಡಿ=ಸಾವಿತ್ರಿ, ಓಯು=ಲೆಕ್ಕಪತ್ರ, ಡಿಸಿ=ಕಚೇರಿ, ಡಿಸಿ=ಇನ್' ಎಂಬ ಧಾಟಿಯಲ್ಲಿರುತ್ತದೆ. ಸಾವಿತ್ರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವಳು ಒತ್ತುವುದು ಬರೀ 'ಸಾವಿತ್ರಿ' ಎಂದು.

ಅವಳು ಎಂಟರ್ ಒತ್ತಿದ ಮೇಲೆ ನಡೆಯುವುದು ಇಷ್ಟು. ಮೇಲ್ ಸರ್ವರ್ ಆ ಹೆಸರನ್ನು ತನ್ನ ಪದ್ಧತಿಗೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಡೈರೆಕ್ಟರಿ ಸರ್ವರ್‌ಗೆ 389 ಅಥವಾ 636ನೇ ಪೋರ್ಟಿನಲ್ಲಿ ಕರೆ ಹಚ್ಚುತ್ತದೆ. ಗುಪ್ತ ಸಂಪರ್ಕಕ್ಕಾಗಿ ಸರ್ಟಿಫಿಕೇಟ್ ಪರಿಶೀಲಿಸುತ್ತದೆ. ಅದಕ್ಕೆಂದೇ ಕೊಟ್ಟಿರುವ ಸೇವಾ ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ಬಳಸಿ ಮೊದಲು ತಾನೇ ಲಾಗಿನ್ ಆಗುತ್ತದೆ. ಡೈರೆಕ್ಟರಿ ಎಂಬ ಮರದ ಇಂಥ ಕೊಂಬೆಯ ಕೆಳಗೆ ಸಾವಿತ್ರಿ ಎಂಬವಳಿದ್ದಾಳೆಯೇ ಎಂದು ಹುಡುಕುತ್ತದೆ. ಸಿಕ್ಕ ಪೂರ್ಣ ಹೆಸರಿನ ಜೊತೆ ಅವಳು ಕೊಟ್ಟ ಪಾಸ್‌ವರ್ಡ್ ಇಟ್ಟು ಮತ್ತೊಮ್ಮೆ ಲಾಗಿನ್ ಆಗಲು ಯತ್ನಿಸುತ್ತದೆ. ಡೈರೆಕ್ಟರಿ ಹೂಂ ಅಂದರೆ ಅವಳ ಮೇಲ್‌ಬಾಕ್ಸ್ ಯಾವ ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ನೋಡಿ ತೆರೆಯುತ್ತದೆ.

ಇದರಲ್ಲಿ ಯಾವ ಹೆಜ್ಜೆ ಎಡವಿದರೂ ಸಾವಿತ್ರಿಗೆ ಕಾಣುವುದು ಅದೇ ಒಂದು ಸಾಲು.

ಬೇಕೆಂದೇ ಮಬ್ಬಾಗಿಸಿದ ಉತ್ತರ

ಆ ಸಾಲು ಮಬ್ಬಾಗಿರುವುದು ಪ್ರೋಗ್ರಾಮರ್‌ಗಳ ಸೋಮಾರಿತನದಿಂದಲ್ಲ. 'ಹೆಸರು ಸರಿಯಿದೆ, ಪಾಸ್‌ವರ್ಡ್ ಮಾತ್ರ ತಪ್ಪು' ಎಂದು ಸರ್ವರ್ ಬಾಯಿಬಿಟ್ಟರೆ ಕನ್ನ ಹಾಕುವವನಿಗೆ ಅರ್ಧ ಕೆಲಸ ಮುಗಿದಂತೆ. ಯಾವ ಯಾವ ಹೆಸರಿನ ಖಾತೆಗಳಿವೆ ಎಂಬ ಪಟ್ಟಿ ಅವನ ಕೈಗೆ ಬರುತ್ತದೆ. ಹಾಗಾಗಿಯೇ ಎಲ್‌ಡ್ಯಾಪ್ ಮಾನಕದಲ್ಲಿ 49ನೇ ಸಂಖ್ಯೆಯ ಉತ್ತರ 'ಗುರುತಿನ ವಿವರ ಸರಿಯಿಲ್ಲ' ಎಂದಷ್ಟೇ ಹೇಳುತ್ತದೆ. ಅಂಥ ವ್ಯಕ್ತಿಯೇ ಇಲ್ಲದಿದ್ದರೂ ಅದೇ ಉತ್ತರ ಕೊಡಬಹುದು. ಮೇಲ್ ಕಳಿಸುವಾಗ ಎದುರಾಗುವ 535 ಎಂಬ ಸಂಖ್ಯೆಯದೂ ಇದೇ ಜಾಯಮಾನ.

ಕಳ್ಳನಿಗೆ ಹೇಳದ್ದನ್ನು ಸರ್ವರ್ ನೋಡಿಕೊಳ್ಳುವ ಅಡ್ಮಿನ್‌ಗೆ ಹೇಳಲು ಬೇರೆ ಜಾಗವಿದೆ. ಅದು ಸರ್ವರ್‌ನ ಲಾಗ್ ಫೈಲು. ಆಕ್ಟಿವ್ ಡೈರೆಕ್ಟರಿಯಂತೂ 49ರ ಬೆನ್ನಿಗೇ ಇನ್ನೊಂದು ಪುಟ್ಟ ಸಂಕೇತ ಅಂಟಿಸಿ ಕಳಿಸುತ್ತದೆ. 52ಇ ಎಂದರೆ ಪಾಸ್‌ವರ್ಡ್ ಹೊಂದುತ್ತಿಲ್ಲ. 525 ಎಂದರೆ ಅಂಥ ಬಳಕೆದಾರರೇ ಇಲ್ಲ. 532 ಬಂದರೆ ಪಾಸ್‌ವರ್ಡಿನ ಅವಧಿ ಮುಗಿದಿದೆ, 533 ಬಂದರೆ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ, 773 ಬಂದರೆ ಮೊದಲ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಿಸಲೇಬೇಕು, 775 ಬಂದರೆ ಖಾತೆಗೆ ಬೀಗ ಬಿದ್ದಿದೆ. ಸ್ಥಳಾಂತರದ ಸಮಯದಲ್ಲಿ ಹೊಸ ಖಾತೆಗಳನ್ನು ಸಾಲಾಗಿ ಸೃಷ್ಟಿಸಿ 'ಮೊದಲ ಸಲ ಬದಲಿಸತಕ್ಕದ್ದು' ಎಂಬ ಗುರುತು ಹಾಕಿಟ್ಟರೆ 773ರ ಸುರಿಮಳೆಯಾಗುತ್ತದೆ. ಮೊಬೈಲಿನ ಮೇಲ್ ಆ್ಯಪ್‌ಗೆ ಪಾಸ್‌ವರ್ಡ್ ಬದಲಿಸುವ ಪರದೆಯನ್ನು ತೋರಿಸುವ ದಾರಿಯೇ ಇರುವುದಿಲ್ಲ. ಅದು ಸುಮ್ಮನೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ.

ಆದ್ದರಿಂದ ಪತ್ತೇದಾರಿಯ ಮೊದಲ ಕೆಲಸ ಬಳಕೆದಾರರ ಪರದೆಯಿಂದ ಕಣ್ಣು ಕೀಳುವುದು. ಎರಡನೆಯದು, ಬಂದ 49 ಯಾರದ್ದು ಎಂದು ನೋಡುವುದು. ಲಾಗಿನ್ ಎರಡು ಸಲ ನಡೆಯುತ್ತದಷ್ಟೆ: ಒಮ್ಮೆ ಸೇವಾ ಖಾತೆಯದು, ಆಮೇಲೆ ಬಳಕೆದಾರರದು. ಹೊಸ ಮೇಲ್ ಸರ್ವರ್‌ನ ಸಂರಚನಾ ಕಡತದಲ್ಲಿ ಸೇವಾ ಖಾತೆಯ ಪಾಸ್‌ವರ್ಡ್ ಬರೆಯುವಾಗ ಅದರೊಳಗೊಂದು ಹ್ಯಾಶ್ ಚಿಹ್ನೆ ಇದ್ದರೆ ಕೆಲವು ತಂತ್ರಾಂಶಗಳು ಅಲ್ಲಿಂದ ಮುಂದಿನದನ್ನು ಟಿಪ್ಪಣಿ ಎಂದು ತಿಳಿದು ಕತ್ತರಿಸುತ್ತವೆ. ಡಾಲರ್ ಚಿಹ್ನೆ ಇದ್ದರೆ ಇನ್ನು ಕೆಲವು ಅದನ್ನು ಬೇರೇನೋ ಎಂದು ಓದುತ್ತವೆ. ಆಗ ಎಡವಿದ್ದು ಸೇವಾ ಖಾತೆ, ಬೈಸಿಕೊಂಡವರು ಕಚೇರಿಯ ಸಮಸ್ತರು. ಅವರು ಪಾಸ್‌ವರ್ಡ್ ಎಷ್ಟು ಸಲ ಬದಲಿಸಿಕೊಂಡರೂ ಪ್ರಯೋಜನವಿಲ್ಲ.

ಯಾರು ಒಳಗೆ, ಯಾರು ಹೊರಗೆ

ಅನುಭವಸ್ಥ ಅಡ್ಮಿನ್‌ಗಳು ಲಾಗ್ ತೆರೆಯುವ ಮುಂಚೆಯೇ ಒಂದು ಪ್ರಶ್ನೆ ಕೇಳಿ ಅರ್ಧ ದಾರಿ ಕ್ರಮಿಸುತ್ತಾರೆ: ಯಾರ್‍ಯಾರಿಗೆ ಆಗುತ್ತಿಲ್ಲ?

ಯಾರಿಗೂ ಆಗುತ್ತಿಲ್ಲವೆಂದರೆ ದೋಷ ಎಲ್ಲರೂ ಹಾಯುವ ಹೆಜ್ಜೆಯಲ್ಲಿದೆ. ಅದು ಸಂಪರ್ಕ, ಸರ್ಟಿಫಿಕೇಟ್ ಅಥವಾ ಸೇವಾ ಖಾತೆ. ಒಂದು ವಿಭಾಗದವರಿಗೆ ಮಾತ್ರ ಆಗುತ್ತಿಲ್ಲವೆಂದರೆ ಹುಡುಕುವ ಕೊಂಬೆ ತಪ್ಪಿದೆ. ಹಳೆಯ ಸರ್ವರ್ ಮರದ ಬುಡದಿಂದ ಹುಡುಕುತ್ತಿದ್ದು, ಹೊಸದಕ್ಕೆ 'ಪ್ರಧಾನ ಕಚೇರಿ' ಎಂಬ ಕೊಂಬೆಯನ್ನಷ್ಟೇ ತೋರಿಸಿದ್ದರೆ ಶಾಖಾ ಕಚೇರಿಗಳವರೆಲ್ಲ ಅದರ ಪಾಲಿಗೆ ಇಲ್ಲವೇ ಇಲ್ಲ. ಹಾಗೆಂದು ಆಕ್ಟಿವ್ ಡೈರೆಕ್ಟರಿಯನ್ನು ಬುಡದಿಂದ ಹುಡುಕಹೊರಟರೆ ಅದು 'ಈ ಭಾಗ ನನ್ನಲ್ಲಿಲ್ಲ, ಅಲ್ಲಿ ಕೇಳು' ಎಂದು ಬೇರೆ ಸರ್ವರ್‌ಗಳ ಕಡೆ ಕೈತೋರಿಸುವುದುಂಟು. ಆ ಬೆನ್ನಟ್ಟುವಿಕೆಯಲ್ಲಿ ಮೇಲ್ ಸರ್ವರ್ ದಣಿದು ಕೈಚೆಲ್ಲುತ್ತದೆ. ಇಡೀ ಸಂಸ್ಥೆಯ ಸಂಕ್ಷಿಪ್ತ ಪಟ್ಟಿ ಇರುವ 3268ನೇ ಪೋರ್ಟಿಗೆ ಕೇಳಿದರೆ ಈ ಅಲೆದಾಟ ತಪ್ಪುತ್ತದೆ.

ಪಟ್ಟಿಯಲ್ಲಿ ಮೊದಲಿರುವವರಿಗೆ ಸರಾಗ, ಕೊನೆಯಲ್ಲಿರುವವರಿಗೆ ಇಲ್ಲ ಎಂಬ ವಿಚಿತ್ರ ನಮೂನೆಯೂ ಇದೆ. ಆಕ್ಟಿವ್ ಡೈರೆಕ್ಟರಿ ಒಂದು ಪ್ರಶ್ನೆಗೆ ಒಮ್ಮೆಗೆ ಕೊಡುವುದು 1000 ಹೆಸರುಗಳನ್ನು ಮಾತ್ರ. ಓಪನ್‌ಎಲ್‌ಡ್ಯಾಪ್ ಎಂಬ ಇನ್ನೊಂದು ಡೈರೆಕ್ಟರಿ ತಂತ್ರಾಂಶ ತನ್ನ ಮೂಲ ಸಂರಚನೆಯಲ್ಲಿ 500ಕ್ಕೆ ನಿಲ್ಲಿಸುತ್ತದೆ. ಉಳಿದದ್ದು ಬೇಕಿದ್ದರೆ ಪುಟಪುಟವಾಗಿ ಕೇಳಬೇಕು. ಹಾಗೆ ಕೇಳಲು ಬಾರದ ಸಲಕರಣೆಯಿಂದ ಬಳಕೆದಾರರ ಪಟ್ಟಿ ಇಳಿಸಿಕೊಂಡು ಹೊಸ ಸರ್ವರ್‌ಗೆ ತುಂಬಿದವರಿಗೆ ಸಾವಿರದೊಂದನೆಯ ನೌಕರ ಫೋನ್ ಮಾಡುವವರೆಗೆ ಏನೂ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಆಗಲಿಲ್ಲ, ಮಧ್ಯಾಹ್ನ ಆಯಿತು, ಸಂಜೆ ಮತ್ತೆ ಆಗಲಿಲ್ಲ ಎಂಬುದು ಇನ್ನೊಂದು ಬಗೆ. ದೊಡ್ಡ ಸಂಸ್ಥೆಗಳಲ್ಲಿ ಡೈರೆಕ್ಟರಿ ಒಂದೇ ಇರುವುದಿಲ್ಲ, ಅದರ ಪ್ರತಿಗಳು ಹಲವೆಡೆ ಇರುತ್ತವೆ. ಬೇರೆ ಬೇರೆ ಊರಿನ ಪ್ರತಿಗಳ ನಡುವೆ ಆಕ್ಟಿವ್ ಡೈರೆಕ್ಟರಿ ಬದಲಾವಣೆ ಹಂಚಿಕೊಳ್ಳುವ ಮೂಲ ಅಂತರ 180 ನಿಮಿಷ. ಈಗಷ್ಟೇ ಸೃಷ್ಟಿಸಿದ ಖಾತೆ ಇಲ್ಲಿನ ಪ್ರತಿಯಲ್ಲಿದೆ, ಅಲ್ಲಿಯದರಲ್ಲಿ ಇನ್ನೂ ಇಲ್ಲ. ಮೇಲ್ ಸರ್ವರ್ ಯಾವ ಪ್ರತಿಯನ್ನು ಕೇಳಿತು ಎಂಬುದರ ಮೇಲೆ ಸಾವಿತ್ರಿಯ ಅದೃಷ್ಟ.

ಒಬ್ಬಿಬ್ಬರಿಗೆ ಮಾತ್ರ ಬಾಗಿಲು ಮುಚ್ಚಿದ್ದರೆ ಅವರ ಹೆಸರನ್ನೇ ಗಮನಿಸಬೇಕು. ವಿಂಡೋಸ್ ಜಗತ್ತಿನ ಹಳೆಯ ಲಾಗಿನ್ ಹೆಸರಿಗೆ 20 ಅಕ್ಷರಗಳ ಮಿತಿಯಿದೆ. ತಂದೆಯ ಹೆಸರು, ಊರಿನ ಹೆಸರುಗಳನ್ನೆಲ್ಲ ಪೋಣಿಸಿಕೊಳ್ಳುವ ನಮ್ಮ ಕಡೆಯ ಹೆಸರುಗಳು ಈ ಗೆರೆಯನ್ನು ಲೀಲಾಜಾಲವಾಗಿ ದಾಟುತ್ತವೆ. ವೆಂಕಟಸುಬ್ರಹ್ಮಣ್ಯ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ಅದೊಂದೇ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ, ಮುಂದೊಂದು ಚುಕ್ಕಿ ಮತ್ತು ಮನೆತನದ ಹೆಸರು ಸೇರಿದರೆ ಮುಗಿಯಿತು. ಡೈರೆಕ್ಟರಿಯಲ್ಲಿ ಬಾಲ ಕತ್ತರಿಸಿದ ಹೆಸರು, ಮೇಲ್ ವಿಳಾಸದಲ್ಲಿ ಪೂರ್ತಿ ಹೆಸರು. ಹಳೆಯ ಸರ್ವರ್ ಲಾಗಿನ್ ಹೆಸರಿನಲ್ಲಿ ಹುಡುಕುತ್ತಿತ್ತು, ಹೊಸದು ಮೇಲ್ ವಿಳಾಸದಲ್ಲಿ ಹುಡುಕುತ್ತದೆ. ಅಥವಾ '@' ಚಿಹ್ನೆಯಿಂದಾಚೆಯದನ್ನು ಹಳೆಯದು ಕಿತ್ತೊಗೆಯುತ್ತಿತ್ತು, ಹೊಸದು ಹಾಗೇ ಇಟ್ಟುಕೊಳ್ಳುತ್ತದೆ. ಫಿನ್ಲೆಂಡಿನ ಟಿಮೊ ಸಿರೈನೆನ್ 2002ರಲ್ಲಿ ಹೊರತಂದ ಡವ್‌ಕಾಟ್ ಎಂಬ ಜನಪ್ರಿಯ ಮೇಲ್ ಸರ್ವರ್‌ನಲ್ಲಿ ಹೆಸರನ್ನು ಹೇಗೆ ತಿದ್ದಿಕೊಳ್ಳಬೇಕೆಂಬುದಕ್ಕೆ ಒಂದೇ ಒಂದು ಸಾಲಿನ ಸೂಚನೆಯಿದೆ. ಆ ಸಾಲಿನ ಒಂದು ಅಕ್ಷರ ವ್ಯತ್ಯಾಸವಾದರೂ ಸಾವಿರಾರು ಜನ ಡೈರೆಕ್ಟರಿಗೆ ಅಪರಿಚಿತರಾಗುತ್ತಾರೆ.

ತಿರುಗಿ ಬಾರದ ದಾರಿ

ಡೈರೆಕ್ಟರಿಯನ್ನೂ ಮೇಲ್ ಜೊತೆಗೇ ಬದಲಿಸಹೊರಟರೆ ಕಷ್ಟ ಇನ್ನೊಂದು ಹಂತಕ್ಕೆ ಏರುತ್ತದೆ. ಸರಿಯಾಗಿ ಕಟ್ಟಿದ ಯಾವ ವ್ಯವಸ್ಥೆಯಲ್ಲೂ ಪಾಸ್‌ವರ್ಡ್ ಇದ್ದ ಹಾಗೆ ಇರುವುದಿಲ್ಲ. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಯೂನಿಕ್ಸ್ ಇದನ್ನು ಹೇಗೆ ಮಾಡುತ್ತದೆ ಎಂದು ವಿವರಿಸಿದ್ದರು. ಪಾಸ್‌ವರ್ಡನ್ನು 25 ಬಾರಿ ಗೂಢಲಿಪಿಯ ಗಾಣದಲ್ಲಿ ತಿರುವಿ, ಬಂದ ಫಲವನ್ನು, ಅಂದರೆ ಹ್ಯಾಶನ್ನು, ಮಾತ್ರ ಇಡುವುದು. ತಿರುವುವ ಮುನ್ನ 'ಉಪ್ಪು' ಎಂದು ಕರೆಯುವ 12 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆ ಬೆರೆಸುವುದರಿಂದ ಒಂದೇ ಪಾಸ್‌ವರ್ಡ್ 4096 ಬೇರೆ ಬೇರೆ ರೂಪ ತಾಳಬಹುದು. ಫಲದಿಂದ ಪಾಸ್‌ವರ್ಡಿಗೆ ಮರಳುವ ದಾರಿಯಿಲ್ಲ. ಲಾಗಿನ್ ಆಗುವಾಗ ಕೊಟ್ಟ ಪಾಸ್‌ವರ್ಡನ್ನು ಮತ್ತೆ ಹಾಗೆಯೇ ತಿರುವಿ ಹೋಲಿಸುತ್ತಾರೆ, ಅಷ್ಟೆ.

ಸೂತ್ರಗಳು ಇಂದು ಬಲವಾಗಿವೆ, ತತ್ವ ಮಾತ್ರ ಅದೇ. ಹಾಗಾಗಿ ಒಂದು ಸೂತ್ರದಲ್ಲಿ ಹ್ಯಾಶ್ ಮಾಡಿದ್ದನ್ನು ಇನ್ನೊಂದಕ್ಕೆ ಪರಿವರ್ತಿಸುವುದು ಸಾಧ್ಯವೇ ಇಲ್ಲ. ಹಳೆಯ ಹ್ಯಾಶನ್ನು ಹೊಸ ಡೈರೆಕ್ಟರಿಗೆ ಹಾಗೇ ಎತ್ತಿ ತಂದರೆ ಆ ಸೂತ್ರ ಹೊಸದಕ್ಕೂ ಗೊತ್ತಿರಬೇಕು. ಬಿಎಸ್‌ಡಿ ಯಂತ್ರಗಳಲ್ಲಿ ಮೊದಲು ಬಳಕೆಗೆ ಬಂದ ಬಿಕ್ರಿಪ್ಟ್ ಎಂಬ ಸೂತ್ರ ಬಹಳ ಕಾಲ ಅನೇಕ ಲಿನಕ್ಸ್ ಯಂತ್ರಗಳ ಮೂಲ ಗ್ರಂಥಾಲಯದಲ್ಲಿ ಇರಲೇ ಇಲ್ಲ. ಅಕ್ಷರ ಅಕ್ಷರವೂ ಸರಿಯಾಗಿ ನಕಲಾದ ಹ್ಯಾಶ್ ಆ ಊರಿನಲ್ಲಿ ಅರ್ಥವಿಲ್ಲದ ಸಾಲಾಗಿ ಕುಳಿತಿತ್ತು.

ಇದಕ್ಕಿಂತ ಕುತೂಹಲದ ಸಂಗತಿ ಕ್ರ್ಯಾಮ್-ಎಂಡಿ5 ಎಂಬ ವಿಧಾನದ್ದು. ಗುಪ್ತ ಸಂಪರ್ಕಗಳು ಅಪರೂಪವಾಗಿದ್ದ 1997ರಲ್ಲಿ ಇದು ರೂಪುಗೊಂಡಿತು. ಇಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ. ಸರ್ವರ್ ಒಂದು ಸವಾಲು ಕಳಿಸುತ್ತದೆ, ಮೇಲ್ ಆ್ಯಪ್ ಪಾಸ್‌ವರ್ಡನ್ನು ಬಳಸಿ ಅದಕ್ಕೊಂದು ಜವಾಬು ಲೆಕ್ಕಹಾಕುತ್ತದೆ. ಆದರೆ ಜವಾಬನ್ನು ಪರೀಕ್ಷಿಸಬೇಕಾದ ಸರ್ವರ್ ಬಳಿ ಮೂಲ ಪಾಸ್‌ವರ್ಡ್, ಇಲ್ಲವೇ ಅದಕ್ಕೆ ಸಮನಾದದ್ದು ಇರಲೇಬೇಕು. ಹೊಸ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ತೀರ್ಮಾನವೆಲ್ಲ ಡೈರೆಕ್ಟರಿಯದು, ಮೇಲ್ ಸರ್ವರ್ ಕೈಯಲ್ಲಿ ಏನೂ ಇಲ್ಲ. ಹಿಂದೆ ಎಂದೋ ಥಂಡರ್‌ಬರ್ಡ್ ಎಂಬ ಮೇಲ್ ಆ್ಯಪಿನಲ್ಲಿ 'ಗೂಢಲಿಪಿಯ ಪಾಸ್‌ವರ್ಡ್' ಎಂಬ ಆಯ್ಕೆ ಒತ್ತಿಟ್ಟಿದ್ದವರು ಸ್ಥಳಾಂತರವಾದ ದಿನ ಹೊರಗುಳಿಯುತ್ತಾರೆ. ಹೆಚ್ಚು ಸುರಕ್ಷಿತ ಎಂದು ಕಾಣುವ ಆ ಆಯ್ಕೆಯನ್ನು ಬಿಡಿಸಿ, ಗುಪ್ತ ಸಂಪರ್ಕದೊಳಗೆ ಮಾಮೂಲು ಪಾಸ್‌ವರ್ಡನ್ನೇ ಕಳಿಸಿ ಎಂದು ಅವರನ್ನು ಒಪ್ಪಿಸುವುದು ಅಡ್ಮಿನ್‌ಗೆ ಸುಲಭದ ಮಾತಲ್ಲ.

ಕನ್ನಡದಲ್ಲಿ ಪಾಸ್‌ವರ್ಡ್ ಇಟ್ಟುಕೊಂಡವರಿಗೆ ಇನ್ನೂ ಒಂದು ಹೊಂಡವಿದೆ. 'ಕೊ' ಎಂಬುದನ್ನು ಯೂನಿಕೋಡ್ ಎರಡು ರೀತಿ ಬರೆಯಬಲ್ಲದು. 'ಕ' ಮತ್ತು ಒತ್ವದ ಒಂದೇ ಚಿಹ್ನೆ, ಒಟ್ಟು ಆರು ಬೈಟ್; ಅಥವಾ 'ಕ'ಕ್ಕೆ ಎತ್ವದ ಚಿಹ್ನೆ, ಅದಕ್ಕೆ ಊತ್ವದ ಚಿಹ್ನೆ, ಒಟ್ಟು ಒಂಬತ್ತು ಬೈಟ್. ಕಣ್ಣಿಗೆ ಎರಡೂ ಒಂದೇ, ಹ್ಯಾಶಿಗೆ ಎರಡೂ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತರುವ ನಿಯಮಾವಳಿ 2005ರಲ್ಲೇ ಬಂದಿದೆ. ಹಳೆಯ ಸರ್ವರ್ ಅದನ್ನು ಪಾಲಿಸುತ್ತಿದ್ದು ಹೊಸದು ಪಾಲಿಸದಿದ್ದರೆ, ಅಥವಾ ಇದಕ್ಕೆ ತಿರುಗುಮುರುಗಾದರೆ, ಸರಿಯಾದ ಪಾಸ್‌ವರ್ಡ್ ತಪ್ಪಾಗುತ್ತದೆ. ಜರ್ಮನ್ನರ ಚುಕ್ಕಿಯಿಟ್ಟ 'ಯು' ಅಕ್ಷರದ್ದೂ ಇದೇ ಕಥೆ: ಹಳೆಯ ಲ್ಯಾಟಿನ್-1 ಸಂಕೇತದಲ್ಲಿ ಅದಕ್ಕೆ ಒಂದು ಬೈಟ್, ಯುಟಿಎಫ್-8ರಲ್ಲಿ ಎರಡು.

ಗಡಿಯಾರ, ಗುರುತಿನ ಚೀಟಿ, ಹಳೆಯ ಮೊಬೈಲು

ಪಾಸ್‌ವರ್ಡಿಗೆ ಸಂಬಂಧವೇ ಇಲ್ಲದ ಕಾರಣಗಳು ಅಡ್ಮಿನ್‌ಗಳ ನಿದ್ದೆಯನ್ನು ಹೆಚ್ಚು ಕೆಡಿಸುತ್ತವೆ.

2021ರ ಸೆಪ್ಟೆಂಬರ್ 30ರಂದು, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್‌ಗಳಿಗೆ ಬೆನ್ನೆಲುಬಾಗಿದ್ದ ಹಳೆಯದೊಂದು ಮೂಲ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಬದಲಿ ಮೂಲ ಸಿದ್ಧವಿತ್ತು. ಆದರೂ ಗುಪ್ತ ಸಂಪರ್ಕಕ್ಕೆ ಓಪನ್‌ಎಸ್‌ಎಸ್‌ಎಲ್ 1.0.2 ತಂತ್ರಾಂಶ ಬಳಸುತ್ತಿದ್ದ ಹಳೆಯ ಯಂತ್ರಗಳು ಅವಧಿ ಮೀರಿದ ಕೊಂಡಿಯಲ್ಲೇ ತೊಡರಿಕೊಂಡು ಸಂಪರ್ಕ ನಿರಾಕರಿಸಿದವು. ಸ್ಥಳಾಂತರದಲ್ಲೂ ಇಂಥದೇ ಆಗುತ್ತದೆ. ಹಳೆಯ ಡೈರೆಕ್ಟರಿ ಸರ್ವರ್‌ನ ಹೆಸರಿಗೆ ಕೊಟ್ಟ ಸರ್ಟಿಫಿಕೇಟ್ ಹೊಸ ಹೆಸರಿಗೆ ಹೊಂದುವುದಿಲ್ಲ. ಆಗ ಓಪನ್‌ಎಲ್‌ಡ್ಯಾಪ್ ಸಲಕರಣೆಗಳು ಹೇಳುವುದು 'ಡೈರೆಕ್ಟರಿ ಸರ್ವರ್ ಸಂಪರ್ಕಕ್ಕೆ ಸಿಗುತ್ತಿಲ್ಲ' ಎಂದು. ಪಿಂಗ್ ಮಾಡಿದರೆ ಸರ್ವರ್ ಥಟ್ಟನೆ ಉತ್ತರಿಸುತ್ತದೆ. ತಂತಿ, ಫೈರ್‌ವಾಲ್ ಎಂದು ತಡಕಾಡುತ್ತ ಗಂಟೆಗಳು ಕಳೆಯುತ್ತವೆ.

ಡೈರೆಕ್ಟರಿಯನ್ನು ಗುಪ್ತವಲ್ಲದ ದಾರಿಯಲ್ಲಿ ಕೇಳುವುದನ್ನೇ ನಿಲ್ಲಿಸಿ ಎಂದು ಮೈಕ್ರೊಸಾಫ್ಟ್ 2019ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಆಮೇಲೆ ಅದನ್ನು ಕಡ್ಡಾಯಗೊಳಿಸುವ ದಿನವನ್ನು ಮುಂದೂಡುತ್ತ ಬಂತು. ಬಿಗಿಯಾದ ಸಂರಚನೆಯ ಹೊಸ ಡೈರೆಕ್ಟರಿ ಸರ್ವರ್‌ಗೆ ಹಳೆಯ ಮೇಲ್ ಸರ್ವರ್ 389ನೇ ಪೋರ್ಟಿನಲ್ಲಿ ಬರಿಗೈಲಿ ಹೋದರೆ 49 ಬರುವುದಿಲ್ಲ, 8 ಬರುತ್ತದೆ: ಇನ್ನೂ ಗಟ್ಟಿ ಪುರಾವೆ ಬೇಕು.

ಎಂಐಟಿಯ ಅಥೀನಾ ಯೋಜನೆಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಕರ್ಬರೋಸ್ ವಿಧಾನ ಬಳಸುವ ಕಡೆ ಗಡಿಯಾರವೂ ಸಾಕ್ಷಿ ಹೇಳಬೇಕು. ಎರಡು ಯಂತ್ರಗಳ ಸಮಯದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಅದು ನಂಬುವುದಿಲ್ಲ. ಅದು ಕೊಡುವ ಗುರುತಿನ ಚೀಟಿಯನ್ನು ಕದ್ದು ಆಮೇಲೆ ಬಳಸದಂತೆ ತಡೆಯಲು ಮಾಡಿದ ಏರ್ಪಾಡು ಅದು. ಸಮಯ ಹೊಂದಿಸುವ ವ್ಯವಸ್ಥೆಯನ್ನು ಮರೆತ ಹೊಸ ಸರ್ವರ್ ಮೊದಲ ವಾರ ಚೆನ್ನಾಗಿಯೇ ನಡೆದು, ಗಡಿಯಾರ ನಿಧಾನವಾಗಿ ಜಾರಿ ಗೆರೆ ದಾಟಿದ ದಿನ ಇದ್ದಕ್ಕಿದ್ದಂತೆ ಎಲ್ಲರನ್ನೂ ಹೊರಹಾಕುತ್ತದೆ.

ಇನ್ನು ಹಳೆಯ ಮೊಬೈಲುಗಳ ಕಾಟ. ಸಾವಿತ್ರಿ ಹೊಸ ಪಾಸ್‌ವರ್ಡ್ ಇಟ್ಟುಕೊಂಡು ಕಂಪ್ಯೂಟರ್‌ನಲ್ಲಿ ಲಾಗಿನ್ ಆಗುತ್ತಾಳೆ. ಬ್ಯಾಗಿನಲ್ಲಿರುವ ಮೊಬೈಲ್, ಮನೆಯಲ್ಲಿರುವ ಟ್ಯಾಬ್ ಹಳೆಯದನ್ನೇ ಹಿಡಿದು ಕೆಲ ನಿಮಿಷಗಳಿಗೊಮ್ಮೆ ಬಾಗಿಲು ಬಡಿಯುತ್ತಿರುತ್ತವೆ. ತಪ್ಪುಗಳ ಎಣಿಕೆ ಮಿತಿ ಮೀರಿ ಖಾತೆಗೆ ಬೀಗ ಬೀಳುತ್ತದೆ. ಅಡ್ಮಿನ್ ತೆಗೆಯುತ್ತಾರೆ, ಮತ್ತೆ ಬೀಳುತ್ತದೆ. ಫೇಲ್‌2ಬ್ಯಾನ್‌ನಂಥ ಕಾವಲು ತಂತ್ರಾಂಶ ಇದ್ದರೆ ಪರಿಣಾಮ ಇನ್ನೂ ವ್ಯಾಪಕ. ಹತ್ತು ನಿಮಿಷದೊಳಗೆ ಐದು ತಪ್ಪು ಮಾಡಿದ ಐಪಿ ವಿಳಾಸವನ್ನು ತಡೆಹಿಡಿಯುವುದು ಅದರ ಮೂಲ ನಿಯಮ. ಹೊಸ ವ್ಯವಸ್ಥೆಯಲ್ಲಿ ವೆಬ್‌ಮೇಲ್ ಬಳಸುವವರೆಲ್ಲ ಮೇಲ್ ಸರ್ವರ್‌ಗೆ ಕಾಣುವುದು ಒಂದೇ ಐಪಿ ವಿಳಾಸದಿಂದ. ಹಾಗಾಗಿ ಯಾರೋ ಐದು ಮಂದಿಯ ಬೆರಳು ಜಾರಿದರೆ ಇಡೀ ಕಚೇರಿಯ ವೆಬ್‌ಮೇಲ್ ಬಂದ್.

ಲಾಗಿನ್ ಆಗುತ್ತಿಲ್ಲ ಎಂಬ ದೂರು ಬಂದರೆ ಅದು ಒಳ್ಳೆಯ ಕಾಯಿಲೆ; ಕಾಣುತ್ತದೆ, ಹಿಡಿಯಬಹುದು. ಆಗಬಾರದವರಿಗೂ ಆಗುತ್ತಿದೆ ಎಂದು ಯಾರೂ ದೂರು ಕೊಡುವುದಿಲ್ಲ. ಎಲ್‌ಡ್ಯಾಪ್ ಮಾನಕದಲ್ಲಿ ಒಂದು ಹಳೆಯ ರಿಯಾಯಿತಿಯಿದೆ. ಪೂರ್ಣ ಹೆಸರು ಕೊಟ್ಟು ಪಾಸ್‌ವರ್ಡ್ ಜಾಗವನ್ನು ಖಾಲಿ ಬಿಟ್ಟರೆ ಡೈರೆಕ್ಟರಿ ಅದನ್ನು ಅನಾಮಧೇಯ ಭೇಟಿ ಎಂದು ಪರಿಗಣಿಸಿ 'ಯಶಸ್ವಿ' ಎಂದು ಉತ್ತರಿಸಬಹುದು. ಅಜಾಗರೂಕವಾಗಿ ಬರೆದ ತಂತ್ರಾಂಶವೊಂದು ಆ 'ಯಶಸ್ವಿ'ಯನ್ನು ಪಾಸ್‌ವರ್ಡ್ ಸರಿ ಎಂದು ಓದಿಕೊಂಡರೆ ಯಾರ ಹೆಸರಿನಲ್ಲಿ ಬೇಕಾದರೂ, ಏನೂ ಒತ್ತದೆ, ಒಳನುಗ್ಗಬಹುದು. 2006ರ ಪರಿಷ್ಕೃತ ನಿಯಮ ಇಂಥ ಕೋರಿಕೆಯನ್ನು 53ನೇ ಉತ್ತರ ಕೊಟ್ಟು ತಿರಸ್ಕರಿಸುವಂತೆ ಸರ್ವರ್‌ಗಳಿಗೂ, ಖಾಲಿ ಪಾಸ್‌ವರ್ಡನ್ನು ಕಳಿಸಲೇಬೇಡಿ ಎಂದು ತಂತ್ರಾಂಶಗಳಿಗೂ ಹೇಳಿತು. ಆದ್ದರಿಂದ ಹೊಸ ಮೇಲ್ ಸರ್ವರ್ ಕಟ್ಟಿದ ದಿನ ಮಾಡಬೇಕಾದ ಪರೀಕ್ಷೆಗಳು ಮೂರು: ಸರಿಯಾದ ಪಾಸ್‌ವರ್ಡ್, ತಪ್ಪು ಪಾಸ್‌ವರ್ಡ್, ಖಾಲಿ ಪಾಸ್‌ವರ್ಡ್. ಬಹಳ ಕಡೆ ಮೊದಲನೆಯದನ್ನು ಮಾತ್ರ ಮಾಡುತ್ತಾರೆ.

ಒಂದೊಂದೇ ಕೊಂಡಿ

ಇಷ್ಟೆಲ್ಲ ಸಾಧ್ಯತೆಗಳ ನಡುವೆ ದಾರಿ ತಪ್ಪದಿರಲು ವೃತ್ತಿಯವರು ಅನುಸರಿಸುವ ಕ್ರಮ ಸರಳ. ಮೇಲ್ ಸರ್ವರನ್ನು ಬದಿಗಿಟ್ಟು, ಅದೇ ಯಂತ್ರದಲ್ಲಿ ಕುಳಿತು, ಅದು ಕೇಳಬೇಕಾದ ಪ್ರಶ್ನೆಗಳನ್ನು ತಾವೇ ಕೇಳುತ್ತಾರೆ. ಎಲ್‌ಡ್ಯಾಪ್‌ಸರ್ಚ್ ಎಂಬ ಸಲಕರಣೆಯಲ್ಲಿ ಸೇವಾ ಖಾತೆಯ ಹೆಸರು, ಹುಡುಕುವ ಕೊಂಬೆ, ಹುಡುಕುವ ಸೂತ್ರ ಮೂರನ್ನೂ ಸಂರಚನಾ ಕಡತದಲ್ಲಿ ಇದ್ದ ಹಾಗೆಯೇ ಕೊಡುತ್ತಾರೆ. ಒಬ್ಬರ ಹೆಸರಿಗೆ ಸರಿಯಾಗಿ ಒಂದೇ ನಮೂದು ಬರಬೇಕು. ಸೊನ್ನೆ ಬಂದರೂ ಎರಡು ಬಂದರೂ ತೊಂದರೆ. ಬಂದ ಪೂರ್ಣ ಹೆಸರನ್ನು ಇಟ್ಟುಕೊಂಡು ಇನ್ನೊಂದು ಸಲಕರಣೆಯಲ್ಲಿ ಪಾಸ್‌ವರ್ಡ್ ಪರೀಕ್ಷಿಸುತ್ತಾರೆ. ಎರಡೂ ಸರಿಯೆಂದಾದರೆ ದೋಷ ಡೈರೆಕ್ಟರಿಯಲ್ಲಿಲ್ಲ, ಮೇಲ್ ಸರ್ವರ್‌ನಲ್ಲಿದೆ. ಡವ್‌ಕಾಟ್‌ನಲ್ಲಿ ಮೇಲ್ ಆ್ಯಪಿನ ಗೊಡವೆಯಿಲ್ಲದೆ ಲಾಗಿನ್ ಒಂದನ್ನೇ ಪರೀಕ್ಷಿಸುವ ಆದೇಶವೂ ಉಂಟು. ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಿಸಿದ್ದನ್ನು ಬರೆದಿಡುವುದು, ಕೆಲಸಕ್ಕೆ ಬಾರದಿದ್ದರೆ ಹಿಂದಕ್ಕೆ ತೆಗೆಯುವುದು. ಅವಸರದಲ್ಲಿ ಸರ್ಟಿಫಿಕೇಟ್ ಪರಿಶೀಲನೆಯನ್ನೇ ಆರಿಸಿಬಿಟ್ಟು 'ಈಗ ಸರಿಹೋಯಿತು' ಎನ್ನುವ ಮದ್ದು ಎಲ್ಲೆಡೆ ಜನಪ್ರಿಯ. ಅದು ಕಾರಣ ಸರ್ಟಿಫಿಕೇಟೇ ಎಂದು ತೋರಿಸಿಕೊಡುತ್ತದೆ, ನಿಜ. ಆದರೆ ಹಾಗೇ ಬಿಟ್ಟರೆ ನಡುವೆ ಕುಳಿತ ಯಾರು ಬೇಕಾದರೂ ತಾವೇ ಡೈರೆಕ್ಟರಿ ಎಂದು ಹೇಳಿಕೊಂಡು ಎಲ್ಲರ ಪಾಸ್‌ವರ್ಡ್ ಹಿಡಿದುಕೊಳ್ಳಬಹುದು.

ಜಾಣ ಸ್ಥಳಾಂತರಗಳು ಈ ಪತ್ತೇದಾರಿಯನ್ನು ಸೋಮವಾರಕ್ಕೆ ಉಳಿಸುವುದಿಲ್ಲ. ಜನರನ್ನು ತಂಡತಂಡವಾಗಿ ದಾಟಿಸುತ್ತವೆ. ಹ್ಯಾಶ್ ಹೊಂದದ ಕಡೆ, ಹೊಸ ಸರ್ವರ್ ಮೊದಲ ಲಾಗಿನ್‌ನಲ್ಲಿ ಬಂದ ಪಾಸ್‌ವರ್ಡನ್ನು ಹಳೆಯದರ ಬಳಿ ಕೇಳಿ ಖಚಿತಪಡಿಸಿಕೊಂಡು, ಆ ಕ್ಷಣದಲ್ಲೇ ತನ್ನ ಸೂತ್ರದಲ್ಲಿ ಹೊಸ ಹ್ಯಾಶ್ ಬರೆದಿಡುತ್ತದೆ. ಬಳಕೆದಾರರಿಗೆ ಏನೂ ಗೊತ್ತಾಗದಂತೆ ಕೆಲವು ವಾರಗಳಲ್ಲಿ ಡೈರೆಕ್ಟರಿ ತುಂಬಿಕೊಳ್ಳುತ್ತದೆ.

ಮೇಲ್ ಸರ್ವರ್‌ಗೆ ಪಾಸ್‌ವರ್ಡ್ ಕೊಡುವ ಪದ್ಧತಿಯೇ ಈಗ ಹಿಂದೆ ಸರಿಯುತ್ತಿದೆ. ಮೈಕ್ರೊಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯಲ್ಲಿ ಬರೀ ಹೆಸರು ಮತ್ತು ಪಾಸ್‌ವರ್ಡಿನ ಲಾಗಿನ್ ವಿಧಾನವನ್ನು 2022ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಮುಚ್ಚತೊಡಗಿತು. ಅದರ ಬದಲು ಬ್ರೌಸರ್‌ನಲ್ಲಿ ಒಮ್ಮೆ ಗುರುತು ಸಾಬೀತುಪಡಿಸಿ ಪಡೆದ, ಅವಧಿಯುಳ್ಳ ಟೋಕನ್ ಬೇಕು. ಇದಕ್ಕೆ ಮನುಷ್ಯರು ಹೊಂದಿಕೊಂಡಾರು. ಮೂಲೆಯಲ್ಲಿ ನಿಂತು, ಸ್ಕ್ಯಾನ್ ಮಾಡಿದ ಕಾಗದವನ್ನು ಮೇಲ್‌ನಲ್ಲಿ ಕಳಿಸುವ ಜೆರಾಕ್ಸ್ ಯಂತ್ರಕ್ಕೆ ಬ್ರೌಸರ್ ಇಲ್ಲ. ಬ್ಯಾಕಪ್ ಮುಗಿಯಿತೆಂದು ಪ್ರತಿ ರಾತ್ರಿ ಮೇಲ್ ಹಾಕುವ ಸ್ಕ್ರಿಪ್ಟಿಗೂ, ಯುಪಿಎಸ್ ಬ್ಯಾಟರಿ ಕುಸಿಯಿತೆಂದು ಎಚ್ಚರಿಸುವ ಪೆಟ್ಟಿಗೆಗೂ ಇಲ್ಲ. ಅವುಗಳ ಹೆಸರು ನೌಕರರ ಪಟ್ಟಿಯಲ್ಲಿರುವುದಿಲ್ಲ, ಅವು ಫೋನ್ ಮಾಡಿ ದೂರುವುದೂ ಇಲ್ಲ. ಹಳೆಯ ಸರ್ವರ್ ಆರಿಸುವ ಮುಂಚೆ ಅದರ ಲಾಗ್‌ಗಳನ್ನು ಕನಿಷ್ಠ ಒಂದು ತಿಂಗಳಷ್ಟು ಹಿಂದಕ್ಕೆ ಜಾಲಾಡಿ, ತಿಂಗಳಿಗೊಮ್ಮೆ ಮಾತ್ರ ಬಾಗಿಲು ತಟ್ಟುವ ಇಂಥ ಯಂತ್ರಗಳನ್ನೂ ಅಡ್ಮಿನ್‌ಗಳು ಪಟ್ಟಿ ಮಾಡಿಕೊಳ್ಳುವುದು ಅದಕ್ಕಾಗಿಯೇ.